ಕಿಣ್ವಗಳೂ ನಮ್ಮ ಹಿತ್ತಿಲ ಕಸವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವದ ವೇದಿಕೆಯಿಂದ ಸಾಹಿತ್ಯದ ಮಾತನ್ನೋ, ನಾಡುನುಡಿಯ ಮಾತನ್ನೋ ಕೇಳುವುದು ತಮಗೆ ರೂಢಿಯಾಗಿದೆ. ನಾವು ಇಂದು ಕಸದ ಮಾತನ್ನಾಡಲು ನಿಂತಿದ್ದೇವೆ. ಮಂಗಳ ಸಮಯದಲ್ಲಿ ಇದೆಂತಹ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನುಡಿ ಕಾವ್ಯಕ್ಕೆ ಮಾತ್ರವಲ್ಲದೆ ತೋಟಕ್ಕೂ ಅಡುಗೆಮನೆಗೂ ಪ್ರಯೋಗಶಾಲೆಗೂ ಸಲ್ಲಬೇಕೆಂದು ನಾವು ವರ್ಷವರ್ಷವೂ ಹೇಳುತ್ತ ಬಂದಿದ್ದೇವಷ್ಟೆ? ಹೇಳಿದ್ದನ್ನು ಒಮ್ಮೆಯಾದರೂ ಮಾಡಿ ತೋರಿಸುವುದು ಉಚಿತವೆಂದು ಭಾವಿಸಿ ಈ ವಿಷಯವನ್ನು ಆರಿಸಿಕೊಂಡೆವು.

ಮಾತನ್ನು ನಮ್ಮ ಕಾಸರಗೋಡು ಸೀಮೆಯ ಒಂದು ನಿತ್ಯದ ದೃಶ್ಯದಿಂದಲೇ ಆರಂಭಿಸೋಣ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗೇರುಮರದ ಬುಡಕ್ಕೆ ಹೋಗಿ ನೋಡಿರಿ. ಕೆಂಪು, ಹಳದಿ ಬಣ್ಣದ ಹಣ್ಣುಗಳು ನೆಲದ ತುಂಬ ಬಿದ್ದಿರುತ್ತವೆ. ನಾವು ಬಾಗಿ ಬೀಜವನ್ನು ತಿರುಚಿ ಬುಟ್ಟಿಗೆ ಹಾಕುತ್ತೇವೆ. ಹಣ್ಣನ್ನು ಅಲ್ಲಿಯೇ ಬಿಡುತ್ತೇವೆ. ಮಕ್ಕಳು ಒಂದೆರಡನ್ನು ಉಪ್ಪು ಸವರಿ ತಿನ್ನುತ್ತಾರೆ, ದನಗಳು ಕೆಲವನ್ನು ಮೇಯುತ್ತವೆ, ಉಳಿದುದು ನೊಣಗಳ ಪಾಲು. ಹೋದ ಬೇಸಗೆಯಲ್ಲಿ ನಮ್ಮ ಹಿತ್ತಿಲಲ್ಲಿ ಬೀಜ ಹೆಕ್ಕುತ್ತಿದ್ದ ಹುಡುಗಿಯೊಬ್ಬಳು, "ಬೀಜಕ್ಕೆ ಬೆಲೆ ಇದೆ, ಹಣ್ಣಿಗೆ ಯಾಕೆ ಇಲ್ಲ?" ಎಂದು ಕೇಳಿದಳು. ಹಣ್ಣು ಬೇಗ ಕೊಳೆಯುತ್ತದೆ, ಗಂಟಲು ಕೆರೆಯುತ್ತದೆ ಎಂದು ನಾವು ಉತ್ತರ ಹೇಳಿದೆವು. ಉತ್ತರ ಸುಳ್ಳಲ್ಲ; ಆದರೆ ಪೂರ್ತಿಯೂ ಅಲ್ಲವೆಂದು ಆಮೇಲೆ ನಮಗೇ ತೋರಿತು.

ಲೆಕ್ಕವನ್ನು ಕೇಳಿರಿ. ಹಸಿಬೀಜದ ತೂಕಕ್ಕೆ ಹಣ್ಣಿನ ತೂಕ ಸುಮಾರು ಆರರಿಂದ ಹತ್ತು ಪಟ್ಟು. ಅಂದರೆ ಒಂದು ಕ್ವಿಂಟಲ್ ಬೀಜವನ್ನು ಮಾರಿದ ಕೃಷಿಕನು ಆರು ಕ್ವಿಂಟಲಿಗೆ ಕಡಮೆಯಿಲ್ಲದಷ್ಟು ಹಣ್ಣನ್ನು ನೆಲಕ್ಕೆ ಬಿಟ್ಟಿರುತ್ತಾನೆ. ಆ ಹಣ್ಣಿನಲ್ಲಿ ಸಕ್ಕರೆ ಇದೆ, ನಾರು ಇದೆ, ಕಿತ್ತಳೆಯಲ್ಲಿರುವುದರ ನಾಲ್ಕೈದು ಪಟ್ಟು ಸಿ ಜೀವಸತ್ವವಿದೆ. ಬೀಜ ತಿಂಗಳುಗಟ್ಟಲೆ ಕಾಯುತ್ತದೆ. ಹಣ್ಣು ಬಿದ್ದ ಮರುದಿನವೇ ಕೆಡುತ್ತದೆ. ಕಾಯುವುದಕ್ಕೆ ಬೆಲೆ, ಕಾಯದುದಕ್ಕೆ ತಿಪ್ಪೆ ಎಂಬುದೇ ಇಲ್ಲಿನ ನ್ಯಾಯವಾಗಿದೆ.

ಇದು ನಮ್ಮೊಬ್ಬರ ಹಿತ್ತಿಲಿನ ಕಥೆಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ನೆಯ ಇಸವಿಯಲ್ಲಿ ಲೋಕದ ಮನೆಗಳಲ್ಲಿ, ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ಎಸೆದ ಆಹಾರ 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಿಂದಲೇ ಹೊರಬಿದ್ದುದು. ಕೊಯ್ಲಿನಿಂದ ಅಂಗಡಿಗೆ ಬರುವ ಮೊದಲೇ ಹಾಳಾಗುವುದು ಈ ಲೆಕ್ಕಕ್ಕೆ ಸೇರಿಲ್ಲ. ನಮ್ಮ ಗೇರುಹಣ್ಣಂತೂ ಯಾವ ಲೆಕ್ಕದ ಪುಸ್ತಕವನ್ನೂ ಸೇರದೆ ಮಣ್ಣುಗೂಡುತ್ತದೆ.

ಇಂತಹ ವಸ್ತುವನ್ನು ಮತ್ತೆ ಉಪಯೋಗಕ್ಕೆ ತರುವ ಮಾರ್ಗಗಳಲ್ಲಿ ಒಂದು ಕಿಣ್ವಗಳ ಮಾರ್ಗ. ಕಿಣ್ವ ಎಂಬ ಶಬ್ದವನ್ನು ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದುತ್ತಾರೆ. ಇದನ್ನು ಪಂಡಿತರು ಹೊಸದಾಗಿ ಕಟ್ಟಿದ ಒಣ ಪದವೆಂದು ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಈ ಶಬ್ದ ಬರುತ್ತದೆ. ಉದ್ದು, ಅಕ್ಕಿ ಮೊದಲಾದವುಗಳಿಂದ ಮಾಡಿದ, ಹುಳಿಯಿಸುವ ದ್ರವ್ಯಕ್ಕೆ ಅಲ್ಲಿ ಕಿಣ್ವವೆಂದು ಹೆಸರು. ನಮ್ಮ ತಾಯಂದಿರು ದೋಸೆಗೆ ನೆನೆಯಹಾಕುವುದೂ ಉದ್ದು ಮತ್ತು ಅಕ್ಕಿಯನ್ನೇ! ಜರ್ಮನಿಯ ಕ್ಯೂನೆ ಎಂಬ ಶಾಸ್ತ್ರಜ್ಞರು 1870ರ ದಶಕದಲ್ಲಿ ಈ ದ್ರವ್ಯಗಳಿಗೆ ಎನ್‌ಜೈಮ್ ಎಂದು ಹೆಸರಿಟ್ಟಾಗ ಗ್ರೀಕ್ ಭಾಷೆಯ 'ಹುದುಗಿನಲ್ಲಿರುವುದು' ಎಂಬ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಎರಡು ದೂರದ ನುಡಿಗಳು ಒಂದೇ ಮಡಕೆಯಿಂದ ಹೆಸರನ್ನು ಎತ್ತಿಕೊಂಡಿವೆ.

ಹಾಗಾದರೆ ಕಿಣ್ವವೆಂದರೇನು? ಒಂದು ತುತ್ತು ಅನ್ನವನ್ನು ನುಂಗದೆ ಬಹಳ ಹೊತ್ತು ಅಗಿದು ನೋಡಿರಿ, ಅದು ಸಿಹಿಯಾಗತೊಡಗುತ್ತದೆ. ಬಾಯಲ್ಲಿ ಸಕ್ಕರೆ ಹಾಕಿದವರಾರು? ಅನ್ನದ ಪಿಷ್ಟವೆಂಬುದು ಸಕ್ಕರೆಯ ಕಣಗಳನ್ನೇ ಒಂದರ ಬೆನ್ನಿಗೊಂದು ಪೋಣಿಸಿದ ಸರ. ಆ ಸರವನ್ನು ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ತುಂಡರಿಸುತ್ತದೆ. ಕಿಣ್ವವು ಜೀವಿಯಲ್ಲ, ಜೀವಿಗಳು ತಮ್ಮ ಕೆಲಸಕ್ಕಾಗಿ ನಿರ್ಮಿಸಿಕೊಳ್ಳುವ, ಬಹುಮಟ್ಟಿಗೆ ಪ್ರೋಟೀನಿನಿಂದಾದ ಉಪಕರಣ. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪೆರ್ಸೋ ಎಂಬವರು ಮೊಳಕೆಯ ಧಾನ್ಯದ ಸಾರದಿಂದ ಪಿಷ್ಟವನ್ನು ಕರಗಿಸುವ ದ್ರವ್ಯವನ್ನು ಬೇರ್ಪಡಿಸಿದರು. 1897ರಲ್ಲಿ ಜರ್ಮನಿಯ ಬುಕ್ನರ್ ಎಂಬವರು ಹುದುಗನ್ನು ಮರಳಿನೊಡನೆ ಅರೆದು ಹಿಂಡಿ, ಆ ರಸ ಕೆಡದಿರಲೆಂದು ಸಕ್ಕರೆ ಬೆರೆಸಿಟ್ಟರು. ಜೀವಕಣವೊಂದೂ ಉಳಿದಿರದ ಆ ರಸ ನೊರೆಯೆದ್ದು ಹುಳಿಯಿತು! ಜೀವವಿಲ್ಲದೆಯೂ ಜೀವದ ಕೆಲಸ ನಡೆಯಬಲ್ಲುದೆಂದು ಅಂದು ಸ್ಪಷ್ಟವಾಯಿತು; ಅದಕ್ಕಾಗಿ ಅವರಿಗೆ 1907ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕಿಣ್ವಗಳ ಗುಣಗಳಲ್ಲಿ ಮೂರನ್ನು ನೆನಪಿಡಬೇಕು. ಮೊದಲನೆಯದು, ಬೀಗಕ್ಕೆ ತಕ್ಕ ಕೀಲಿಯಂತೆ ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಪಿಷ್ಟವನ್ನು ಒಡೆಯುವುದು ಕೊಬ್ಬನ್ನು ಮುಟ್ಟದು. ಕೊಬ್ಬನ್ನು ಒಡೆಯುವುದು ನಾರಿನ ತಂಟೆಗೆ ಹೋಗದು. ಎರಡನೆಯದು, ಕೆಲಸ ಮಾಡಿಸಿದ ಮೇಲೂ ಅದು ತಾನು ವೆಚ್ಚವಾಗದೆ ಉಳಿದು ಮುಂದಿನ ಕಣಕ್ಕೆ ಕೈಹಾಕುತ್ತದೆ. ಆದುದರಿಂದ ಸ್ವಲ್ಪವೇ ಸಾಕು. ಮೂರನೆಯದು, ಅದಕ್ಕೆ ಹದವಾದ ಬಿಸಿ, ಹದವಾದ ಹುಳಿ ಬೇಕು. ಕುದಿಸಿದರೆ ಹೆಚ್ಚಿನವು ರೂಪಗೆಟ್ಟು ನಿಷ್ಪ್ರಯೋಜಕವಾಗುತ್ತವೆ.

ಈ ಮೂರನ್ನೂ ಮನೆಯಲ್ಲಿಯೇ ಕಾಣಬಹುದು. ಎರಡು ಬಟ್ಟಲುಗಳಲ್ಲಿ ದಪ್ಪನೆಯ ರಾಗಿ ಗಂಜಿ ತೆಗೆದುಕೊಳ್ಳಿರಿ. ಒಂದು ಕುದಿಯುತ್ತಿರಲಿ, ಇನ್ನೊಂದು ಬೆರಳು ತಾಳುವಷ್ಟು ಆರಿರಲಿ. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಕಲಸಿರಿ. ಆರಿದ ಬಟ್ಟಲಿನ ಗಂಜಿ ನೋಡುತ್ತಿದ್ದಂತೆಯೇ ತೆಳ್ಳಗಾಗುತ್ತದೆ. ಕುದಿಯುವುದು ಹಾಗೆಯೇ ನಿಲ್ಲುತ್ತದೆ. ಎಳೆಮಕ್ಕಳಿಗೆ ಮೊಳಕೆಯ ರಾಗಿಯ ಮಣ್ಣಿ ಉಣಿಸಿದ ನಮ್ಮ ಅಜ್ಜಿಯರು ಇದರ ರಸಾಯನವನ್ನು ಓದಿರಲಿಲ್ಲ. ಆದರೆ ನೀರು ಹೆಚ್ಚಿಸದೆ ಗಂಜಿಯನ್ನು ತೆಳುವಾಗಿಸುವ ಗುಟ್ಟು ಅವರ ಕೈಯಲ್ಲಿತ್ತು. ಶಾಲೆಯ ಮಕ್ಕಳು ಈ ಪ್ರಯೋಗವನ್ನು ಮಾಡಿ ನೋಡಬೇಕೆಂದು ನಮ್ಮ ಬಿನ್ನಹ.

ಕಿಣ್ವಕ್ಕೆ ಮಿತ್ರರೂ ಇಲ್ಲ, ಶತ್ರುಗಳೂ ಇಲ್ಲ. ಬೆಳ್ತಿಗೆ ಅಕ್ಕಿ ಮಾಡಿದಾಗ ಬರುವ ತೌಡಿನಲ್ಲಿರುವ ಲೈಪೇಸ್ ಎಂಬ ಕಿಣ್ವ, ತೌಡಿನ ಎಣ್ಣೆಯನ್ನು ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದಲೇ ಕೆಡಿಸತೊಡಗುತ್ತದೆ. ನಮ್ಮ ಕುಚ್ಚಲಕ್ಕಿಯ ತೌಡಾದರೋ ಹೆಚ್ಚು ಕಾಲ ಬಾಳುತ್ತದೆ. ಭತ್ತವನ್ನು ಬೇಯಿಸಿದಾಗಲೇ ಆ ಕಿಣ್ವ ಕೆಟ್ಟುಹೋಗಿರುತ್ತದೆ. ಎಲ್ಲಿ ಕಿಣ್ವವನ್ನು ದುಡಿಸಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಕವೇ ಈ ವಿದ್ಯೆಯ ತಿರುಳು.

ಕಸಕ್ಕೂ ಕಿಣ್ವಕ್ಕೂ ನಂಟು ಬೆಳೆದ ಬಗೆಯನ್ನು ತಿಳಿಸಲು ಎರಡು ಪ್ರಸಂಗಗಳನ್ನು ಹೇಳುತ್ತೇವೆ. ಜಪಾನಿನ ಜೋಕಿಚಿ ತಕಮಿನೆ ಎಂಬ ರಸಾಯನಶಾಸ್ತ್ರಜ್ಞರ ತಾಯಿಯ ಮನೆತನ ಅಕ್ಕಿಯ ಮದ್ಯ ತಯಾರಿಸುವವರದು. ಅಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಯಿಸಿ, ಅದರ ಕಿಣ್ವದಿಂದ ಪಿಷ್ಟವನ್ನು ಸಕ್ಕರೆಯಾಗಿಸುತ್ತಾರೆ. ತಕಮಿನೆ ಅಮೆರಿಕೆಗೆ ಹೋದ ಮೇಲೆ ಅದೇ ಬೂಷ್ಟನ್ನು ಅಕ್ಕಿಗೆ ಬದಲಾಗಿ ಗಿರಣಿಯ ಗೋಧಿ ತೌಡಿನ ಮೇಲೆ ಬೆಳೆಯಿಸಿದರು. 1894ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಆ ಕಿಣ್ವ ಅಜೀರ್ಣದ ಔಷಧಿಯಾಗಿ ಬಹು ಪ್ರಸಿದ್ಧವಾಯಿತು. ಕಸವೆನಿಸಿದ ತೌಡಿನಿಂದ ಕಿಣ್ವ ಬಂದಿತೆಂಬುದು ಇಲ್ಲಿನ ಮುಖ್ಯ ವಿಷಯ.

ಎರಡನೆಯ ಪ್ರಸಂಗ ಎರಡನೆಯ ಮಹಾಯುದ್ಧದ್ದು. ಶಾಂತಸಾಗರದ ದ್ವೀಪಗಳಲ್ಲಿ ಬೀಡುಬಿಟ್ಟ ಅಮೆರಿಕದ ಸೇನೆಯ ಹತ್ತಿಯ ಡೇರೆಗಳೂ ಬಟ್ಟೆಗಳೂ ಶೀಘ್ರವಾಗಿ ಜೀರ್ಣವಾಗಿ ಹರಿಯತೊಡಗಿದವು. 1944ರಲ್ಲಿ ಬೂಗನ್‌ವಿಲ್ ದ್ವೀಪದ ಒಂದು ಡೇರೆಯಿಂದ ತೆಗೆದ ಶಿಲೀಂಧ್ರವನ್ನು ಪರೀಕ್ಷಿಸಿದಾಗ, ಅದು ಹತ್ತಿಯ ನಾರನ್ನು, ಅಂದರೆ ಸೆಲ್ಯುಲೋಸನ್ನು, ಸಕ್ಕರೆಯಾಗಿ ಒಡೆಯುವ ಪ್ರಬಲ ಕಿಣ್ವವನ್ನು ಸ್ರವಿಸುತ್ತದೆಂದು ತಿಳಿಯಿತು. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಡೇರೆಯ ಆ ಶತ್ರುವನ್ನೇ ಕೈಗಾರಿಕೆಯ ಸೇವಕನನ್ನಾಗಿ ಪಳಗಿಸಲು ಶ್ರಮಿಸಿದರು. ಟ್ರೈಕೊಡರ್ಮ ರೀಸೈ ಎಂದು ಅದಕ್ಕೆ ರೀಸ್ ಅವರ ಹೆಸರೇ ನಿಂತಿದೆ. ಹುಲ್ಲು, ಸಿಪ್ಪೆ, ಹಿಪ್ಪೆಗಳ ನಾರಿನಿಂದ ಸಕ್ಕರೆ ತೆಗೆಯಲು ಇಂದು ಲೋಕದಲ್ಲಿ ಬಳಸುವ ಕಿಣ್ವಗಳಲ್ಲಿ ಬಹುಪಾಲು ಆ ಡೇರೆಯ ಬೂಷ್ಟಿನ ಸಂತತಿಯಿಂದಲೇ ಬರುತ್ತವೆ.

ಈಗ ನಮ್ಮ ಗೇರುಮರದ ಬುಡಕ್ಕೆ ಮರಳೋಣ. ಹಣ್ಣಿನ ರಸಕ್ಕೆ ಇರುವ ಮುಖ್ಯ ದೋಷ ಒಗರು. ಟ್ಯಾನಿನ್ ಎಂಬ ದ್ರವ್ಯಗಳು ನಾಲಗೆಯ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಅದು ಉಂಟಾಗುತ್ತದೆ. ಇದನ್ನು ಕಳೆಯುವ ಸರಳ ವಿಧಾನವೊಂದಿದೆ. ಹಿಂಡಿದ ರಸಕ್ಕೆ ಅಕ್ಕಿಯ ಗಂಜಿಯನ್ನೋ ಸಬ್ಬಕ್ಕಿಯ ಗಂಜಿಯನ್ನೋ ಬೆರೆಸಿ ಕೆಲವು ಗಂಟೆ ನಿಲ್ಲಿಸಿದರೆ, ಟ್ಯಾನಿನ್ನು ಗಂಜಿಯೊಡನೆ ಅಡಿಗೆ ಇಳಿಯುತ್ತದೆ. ಮೇಲಿನ ತಿಳಿರಸವನ್ನು ಬಸಿದು ಶರಬತ್ತಿಗೋ ವಿನೆಗರಿಗೋ ಬಳಸಬಹುದು. ಇಲ್ಲಿ ಕಿಣ್ವದ ಹಂಗಿಲ್ಲ, ಖರ್ಚೂ ಇಲ್ಲ. ಮನೆಯ ಮಟ್ಟಕ್ಕೆ ಇದೇ ಸಾಕು ಎಂಬುದನ್ನು ನಾವು ಮುಚ್ಚಿಡಬಾರದು.

ಆದರೆ ಗಂಜಿ ಒಗರನ್ನು ತೆಗೆದು ಚೆಲ್ಲುತ್ತದೆ. ಕಿಣ್ವ ಅದನ್ನು ಇನ್ನೊಂದು ವಸ್ತುವಾಗಿಸುತ್ತದೆ. ಟ್ಯಾನೇಸ್ ಎಂಬ ಕಿಣ್ವ ಒಂದು ಜಾತಿಯ ಟ್ಯಾನಿನ್ನುಗಳನ್ನು ಒಡೆದು ಗ್ಯಾಲಿಕ್ ಆಮ್ಲವನ್ನು ಕೊಡುತ್ತದೆ. ಎಣ್ಣೆ ಮುಗ್ಗದಂತೆ ಕಾಯುವ ದ್ರವ್ಯಗಳಿಗೂ ಕೆಲವು ಔಷಧಿಗಳಿಗೂ ಈ ಆಮ್ಲ ಮೂಲವಸ್ತು. ತಣ್ಣೀರಿನಲ್ಲಿಯೂ ಕದಡದೆ ಕರಗುವ ಚಹಾಪುಡಿಯನ್ನು ತಯಾರಿಸಲು ಕಾರ್ಖಾನೆಗಳು ಬಳಸುವುದೂ ಇದೇ ಕಿಣ್ವವನ್ನು. ಹಣ್ಣಿನ ತಿರುಳಿನ ಅಂಟನ್ನು ಪೆಕ್ಟಿನೇಸ್ ಎಂಬ ಇನ್ನೊಂದು ಕಿಣ್ವ ಸಡಿಲಿಸುತ್ತದೆ. ಆಗ ಅದೇ ಹಣ್ಣಿನಿಂದ ಹೆಚ್ಚು ರಸ ಇಳಿಯುತ್ತದೆ, ರಸ ತಿಳಿಯಾಗುತ್ತದೆ. ಹಿಂಡಿ ಉಳಿದ ಹಿಪ್ಪೆಯ ನಾರನ್ನು ಸೆಲ್ಯುಲೇಸ್ ಸಕ್ಕರೆಯಾಗಿ ಒಡೆಯುತ್ತದೆ. ಇನ್ನೂ ಸೋಜಿಗವೆಂದರೆ, ಆ ಹಿಪ್ಪೆಯ ಮೇಲೆಯೇ ತಕ್ಕ ಶಿಲೀಂಧ್ರವನ್ನು ಬೆಳೆಯಿಸಿ ಈ ಕಿಣ್ವಗಳನ್ನು ಪಡೆಯಬಹುದು. ತಕಮಿನೆಯವರಿಗೆ ತೌಡು ಮಾಡಿದ ಉಪಕಾರವನ್ನು ನಮಗೆ ಗೇರಿನ ಹಿಪ್ಪೆ ಮಾಡಬಲ್ಲುದು. ಕಸದಿಂದ ಕಿಣ್ವ, ಆ ಕಿಣ್ವದಿಂದ ಮತ್ತಷ್ಟು ಕಸದ ಸದುಪಯೋಗ, ಕೊನೆಗೆ ಉಳಿದುದು ಮರದ ಬುಡಕ್ಕೆ ಗೊಬ್ಬರ.

ಇದಕ್ಕೆ ಬೇರೆ ದಾರಿಗಳಿಲ್ಲವೇ ಎಂದರೆ, ಇವೆ. ಪಿಷ್ಟವನ್ನು ಆಮ್ಲದೊಡನೆ ಕುದಿಸಿದರೂ ಸಕ್ಕರೆಯಾಗುತ್ತದೆಂದು 1811ರಲ್ಲಿಯೇ ಕಿರ್ಕಾಫ್ ಎಂಬವರು ತೋರಿಸಿದ್ದರು. ಗ್ಲುಕೋಸಿನ ಕಾರ್ಖಾನೆಗಳು ಬಹುಕಾಲ ಹಾಗೆಯೇ ನಡೆದವು. ಅದಕ್ಕೆ ಹೆಚ್ಚಿನ ಉರಿ ಬೇಕು, ಆಮ್ಲವನ್ನು ತಾಳುವ ಪಾತ್ರೆ ಬೇಕು, ಕೊನೆಗೆ ಆಮ್ಲವನ್ನು ಶಮನಗೊಳಿಸಲು ಕ್ಷಾರ ಬೇಕು. 1960ರ ದಶಕದಿಂದೀಚೆಗೆ ಕಿಣ್ವಗಳು ಆ ಸ್ಥಾನವನ್ನು ಪಡೆದುವು. ಕಡಮೆ ಸೌದೆ, ಕಡಮೆ ವಿಷ, ಬೇಕಾದುದೇ ಹೆಚ್ಚು, ಬೇಡವಾದುದು ಕಡಮೆ. ನೆಲಕ್ಕೂ ನೀರಿಗೂ ಹೊರೆಯಾಗದೆ ನಡೆಯುವ ಉದ್ಯಮವೆಂದು ಇದನ್ನು ಕರೆಯುವುದು ಈ ಕಾರಣದಿಂದ.

ನಮ್ಮ ಸೀಮೆಯಲ್ಲಿ ಇನ್ನೂ ಎರಡು ನಿದರ್ಶನಗಳಿವೆ. ನಮ್ಮ ತೋಟಗಳಲ್ಲಿ ಕೊಕ್ಕೋ ಬೆಳೆಯುವವರು ಹಸಿಬೀಜವನ್ನು ಅದರ ಬಿಳಿ ಲೋಳೆಯೊಡನೆ ಪೆಟ್ಟಿಗೆಯಲ್ಲಿ ರಾಶಿಹಾಕಿ ಐದಾರು ದಿನ ಹುಳಿಯಿಸುತ್ತಾರಷ್ಟೆ. ಆಗ ಲೋಳೆಯನ್ನು ಕರಗಿಸುವುದು ಸೂಕ್ಷ್ಮಜೀವಿಗಳ ಕಿಣ್ವ. ಆ ಹುಳಿಯಿಸುವಿಕೆ ಇಲ್ಲದೆ ಚಾಕಲೇಟಿನ ಪರಿಮಳವೇ ಹುಟ್ಟದು. ಕಡಲ ಕರೆಯ ಬಂಧುಗಳು ಎಸೆಯುವ ಮೀನಿನ ತಲೆ, ಕರುಳುಗಳಿಗೆ ನೂರಕ್ಕೆ ಮೂರು ಪಾಲಿನಷ್ಟು ಫಾರ್ಮಿಕ್ ಆಮ್ಲ ಬೆರೆಸಿಟ್ಟರೆ, ಮೀನಿನ ಸ್ವಂತ ಕಿಣ್ವಗಳೇ ಕೆಲವು ದಿನಗಳಲ್ಲಿ ಅದನ್ನು ದ್ರವವಾಗಿಸುತ್ತವೆ. ಆಮ್ಲದ ಕಾರಣದಿಂದ ಅದು ಕೊಳೆಯುವುದಿಲ್ಲ. ಕೋಳಿ, ಹಂದಿ, ಸಾಕುಮೀನುಗಳ ಮೇವಿಗೆ ಅದು ಒದಗುತ್ತದೆ. ಆ ಆಮ್ಲ ಚರ್ಮವನ್ನು ಸುಡುವಂಥದು. ತಿಳಿದವರ ಮಾರ್ಗದರ್ಶನವಿಲ್ಲದೆ ಅದಕ್ಕೆ ಕೈಹಾಕಬಾರದು.

ಇನ್ನು, ಮನೆಮನೆಗಳಲ್ಲಿ ಈಗ ಪ್ರಚಾರವಾಗಿರುವ ಒಂದು ಪದ್ಧತಿಯ ಕುರಿತು ಸ್ಪಷ್ಟವಾಗಿ ಮಾತನಾಡಬೇಕಾಗಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು ಬೆರೆಸಿ ಮೂರು ತಿಂಗಳು ಇಟ್ಟು, ಬಸಿದ ನೀರನ್ನು 'ಜೈವಿಕ ಕಿಣ್ವ'ವೆಂದು ಕರೆದು ನೆಲ ಒರಸಲು ಬಳಸುತ್ತಾರೆ. ನಾವೂ ಮಾಡಿದೆವು. ಮೊದಲ ಸಲ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಮರೆತುಬಿಟ್ಟೆವು. ನಾಲ್ಕನೆಯ ದಿನ ನಡುರಾತ್ರಿಯಲ್ಲಿ ಸೀಸೆ ಒಡೆದು, ಅಟ್ಟದ ಮೇಲಿನ ಹಳೆಯ ಪುಸ್ತಕಗಳೆಲ್ಲ ಬೆಲ್ಲದ ನೀರಿನಲ್ಲಿ ತೊಯ್ದುವು. ಹುಳಿಯುವಾಗ ಅನಿಲ ಹುಟ್ಟುತ್ತದೆಂದು ಸಭೆಗಳಲ್ಲಿ ಹೇಳಬಲ್ಲ ನಾವು, ಮನೆಯಲ್ಲಿ ಅದನ್ನು ನೆನೆಯಲಿಲ್ಲ. ಮೊದಲ ವಾರಗಳಲ್ಲಿ ದಿನವೂ ಮುಚ್ಚಳ ಸಡಿಲಿಸಬೇಕು. ಗಾಜಿನ ಸೀಸೆ ಬೇಡವೇ ಬೇಡ.

ಎರಡನೆಯ ಸಲ ನೀರು ಚೆನ್ನಾಗಿ ಬಂದಿತು, ನೆಲವೂ ಶುಭ್ರವಾಯಿತು. ಆದರೆ ಶುಭ್ರಗೊಳಿಸಿದುದು ಮುಖ್ಯವಾಗಿ ಹುಳಿ. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲ, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ. ಅಷ್ಟು ಹುಳಿಯಲ್ಲಿ ಅಷ್ಟು ಕಾಲ ಕಳೆದ ಮೇಲೆ ಕೆಲಸಮಾಡುವ ಕಿಣ್ವ ಉಳಿಯುವುದು ಅತ್ಯಲ್ಪ. ಸಿಪ್ಪೆ ಬೀದಿಗೆ ಬೀಳದೆ ಉಪಯೋಗಕ್ಕೆ ಬಂದುದು ಒಳ್ಳೆಯದೇ. ಆದರೆ ಅದು ಹೊಳೆಯನ್ನು ಶುದ್ಧಗೊಳಿಸುತ್ತದೆ, ರೋಗಗಳನ್ನು ಗುಣಪಡಿಸುತ್ತದೆ ಎಂಬ ಮಾತುಗಳನ್ನು ನಂಬಬಾರದು. ಅದನ್ನು ಕುಡಿಯಲೂ ಬಾರದು. ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರೆಸಕೂಡದು, ವಿಷವಾಯು ಏಳುತ್ತದೆ. ಶಾಸ್ತ್ರದ ಹೆಸರನ್ನು ಎರವಲು ಪಡೆದ ಮಾತ್ರಕ್ಕೆ ಎಲ್ಲವೂ ಶಾಸ್ತ್ರವಾಗುವುದಿಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಮೊದಲು, ಬೇರ್ಪಡಿಸುವುದು. ಕಿಣ್ವಕ್ಕೆ ಒಂದೊಂದೇ ಕೆಲಸ ಎಂದೆವಷ್ಟೆ? ಹಣ್ಣಿನ ಸಿಪ್ಪೆ, ಮೀನಿನ ತುಂಡು, ಪ್ಲಾಸ್ಟಿಕ್ಕು, ಗಾಜಿನ ಚೂರು ಒಂದೇ ಚೀಲದಲ್ಲಿ ಬೆರೆತ ಮೇಲೆ ಯಾವ ಕಿಣ್ವವೂ ಯಾವ ಕಾರ್ಖಾನೆಯೂ ಅದನ್ನು ಉದ್ಧರಿಸಲಾರದು. ಬೇರೆಯಾಗಿಟ್ಟದ್ದು ಸರಕು, ಬೆರೆಸಿದ್ದು ಕಸ. ಎರಡನೆಯದು, ಕಾಲವನ್ನು ಗೆಲ್ಲುವುದು. ಬೆಳಿಗ್ಗೆ ಬಿದ್ದ ಹಣ್ಣನ್ನು ಅಂದೇ ತೊಳೆದು ಹಿಂಡಬೇಕು. ಮೂರನೆಯದು, ಕೂಡಿ ಮಾಡುವುದು. ವರ್ಷದಲ್ಲಿ ಎರಡು ತಿಂಗಳು ಮಾತ್ರ ದೊರೆಯುವ ಹಣ್ಣಿಗಾಗಿ ಒಬ್ಬ ಕೃಷಿಕನು ಯಂತ್ರವನ್ನೂ ಕಿಣ್ವವನ್ನೂ ಕೊಳ್ಳಲಾರನು. ಹತ್ತು ಹಿತ್ತಿಲುಗಳು ಸೇರಿ, ಗೇರಿನ ಕಾಲ ಮುಗಿದ ಮೇಲೆ ಹಲಸು, ಹಲಸಿನ ಬಳಿಕ ಅನಾನಸು ಎಂದು ವರ್ಷವಿಡೀ ದುಡಿಸಿದರೆ ಮಾತ್ರ ಲೆಕ್ಕ ಕೂಡೀತು. ಅಡಿಕೆ ಬೆಳೆಗಾರರು 1973ರಲ್ಲಿ ಕರ್ನಾಟಕ, ಕೇರಳ ಎಂಬ ಭೇದವೆಣಿಸದೆ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿದುದು ನಮ್ಮ ಕಣ್ಣೆದುರಿಗೇ ಇದೆ. ಬೆಳೆಗೆ ಗಡಿಯಿಲ್ಲವೆಂದು ಅವರು ತೋರಿಸಿದರು.

ತಿಳಿವಳಿಕೆಗೂ ನಾವು ದೂರ ಹೋಗಬೇಕಾಗಿಲ್ಲ. 1986ರಲ್ಲಿ ಆರಂಭವಾದ ಗೇರು ಸಂಶೋಧನ ಸಂಸ್ಥೆ ಪುತ್ತೂರಿನಲ್ಲಿದೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ನಮ್ಮ ಕಾಸರಗೋಡಿನಲ್ಲಿಯೇ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಹುಟ್ಟಿ ಬೆಳೆದ ಸಂಸ್ಥೆಯಿದೆ. ಅಲ್ಲಿ ವಿದ್ಯೆ ಇದೆ, ಇಲ್ಲಿ ಹಣ್ಣು ಇದೆ. ನಡುವೆ ಕೊರತೆಯಾಗಿರುವುದು, ಆ ವಿದ್ಯೆಯನ್ನು ಈ ಹಿತ್ತಿಲಿನ ಮಾತಿನಲ್ಲಿ ಹೇಳುವವರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ಮಗುವಿಗೆ ವಿಜ್ಞಾನ ದಕ್ಕೀತೇ ಎಂಬ ಶಂಕೆಯಿಂದ ಮಕ್ಕಳನ್ನು ಆ ಶಾಲೆಗಳಿಂದ ಬಿಡಿಸುವ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಅವರನ್ನು ನಾವು ಹಳಿಯುವುದಿಲ್ಲ. ಆದರೆ ಉದ್ದು, ಅಕ್ಕಿ, ಮೊಳಕೆಯ ರಾಗಿ, ಕುಚ್ಚಲಕ್ಕಿಯ ತೌಡು, ಗೇರಿನ ಒಗರು, ಇವುಗಳನ್ನು ಹೆಸರಿಟ್ಟು ಬಲ್ಲ ಮಗುವಿಗೆ ಕಿಣ್ವಶಾಸ್ತ್ರದ ಅರ್ಧ ಪಾಠ ಮನೆಯಲ್ಲಿಯೇ ಆಗಿರುತ್ತದೆ. ಉಳಿದರ್ಧವನ್ನು ಅದೇ ನುಡಿಯಲ್ಲಿ ಒದಗಿಸುವುದು ನಮ್ಮ ಹೊಣೆ. ಆ ಹೊಣೆಯನ್ನು ನಾವು ಹೊರದಿದ್ದರೆ ಅವರ ಶಂಕೆಯೇ ನಿಜವಾಗುತ್ತದೆ.

ಆದಕಾರಣ ನಮ್ಮದೊಂದು ಸೂಚನೆ. ಬರುವ ಗೇರಿನ ಕಾಲದಲ್ಲಿ, ಸಂಘದ ಆಶ್ರಯದಲ್ಲಿ, ಒಂದು ದಿನ ನಮ್ಮ ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರೋಣ. ಪ್ರತಿಯೊಂದು ಮನೆಯವರೂ ಅಂದಿನ ಒಂದು ಬುಟ್ಟಿ ಹಣ್ಣನ್ನು ತರಲಿ. ಗಂಜಿ ಬೆರೆಸಿ ಒಗರು ಕಳೆಯುವುದನ್ನು ಮಕ್ಕಳೇ ಮಾಡಿ ತೋರಿಸಲಿ. ಬಲ್ಲವರೊಬ್ಬರನ್ನು ಕರೆಯಿಸಿ ಕಿಣ್ವದ ವಿಧಾನವನ್ನೂ ಕಾಣೋಣ. ಹಣ್ಣು ಎಷ್ಟು, ರಸ ಎಷ್ಟು, ಖರ್ಚು ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಲಾಭವಾಗದಿದ್ದರೆ ಆಗಲಿಲ್ಲವೆಂದೇ ಬರೆಯೋಣ. ಅದೂ ಜ್ಞಾನವೇ.

"ಹಣ್ಣಿಗೆ ಯಾಕೆ ಬೆಲೆ ಇಲ್ಲ?" ಎಂದು ಕೇಳಿದ ಹುಡುಗಿ ಇಂದು ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅವಳಿಗೆ ಅಂದು ನಾವು ಕೊಟ್ಟ ಉತ್ತರ ಅರ್ಧವಾಗಿತ್ತು. ಉಳಿದರ್ಧವನ್ನು ಇಂದು ಹೇಳಿದ್ದೇವೆ. ಬೆಲೆ ಇಲ್ಲದಿರುವುದು ಹಣ್ಣಿನ ಗುಣದಿಂದಲ್ಲ. ಅದರೊಡನೆ ನಾವು ಮಾಡಬೇಕಾದ ಕೆಲಸವನ್ನು ಮಾಡದಿರುವುದರಿಂದ.